ಮುನಿಸಿಕೊಂಡ ಮೋಟಾರು

ಆಷಾಢದ ರಾತ್ರಿ. ಮಲೆನಾಡಿನ ಒಂದು ಒಂಟಿ ಮನೆ. ಹೊರಗೆ ಜಡಿಮಳೆ, ಒಳಗೆ ಸೊಸೆಗೆ ಹೆರಿಗೆಯ ನೋವು ಕಾಣಿಸಿಕೊಂಡಿದೆ. ತಾಲ್ಲೂಕು ಆಸ್ಪತ್ರೆಗೆ 25 ಕಿಲೋಮೀಟರು ದಾರಿ. ಆಂಬುಲೆನ್ಸಿಗೆ ಕರೆ ಮಾಡೋಣವೆಂದರೆ ಫೋನಿಗೆ ಸಿಗ್ನಲ್ಲಿಲ್ಲ. ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಹಳೆಯ ಅಂಬಾಸಿಡರ್ ನಿಂತಿದೆ. ಮಗ ಓಡಿಹೋಗಿ ಕೀಲಿ ತಿರುಗಿಸುತ್ತಾನೆ. ಎಂಜಿನ್ನು ಭಾರವಾಗಿ ಒಮ್ಮೆ ನರಳುತ್ತದೆ, ಇನ್ನೊಮ್ಮೆ ನರಳುತ್ತದೆ, ಸುಮ್ಮನಾಗುತ್ತದೆ. ಆ ಮೌನದಲ್ಲಿ ಮಳೆಯ ಸದ್ದು ಮಾತ್ರ ದೊಡ್ಡದಾಗಿ ಕೇಳಿಸುತ್ತದೆ.

ದೇವರು ದೊಡ್ಡವನು, ನೆರೆಯವರ ಜೀಪು ಬಂದಿತು, ತಾಯಿ ಮಗು ಕ್ಷೇಮವಾಗಿ ಉಳಿದರು. ಆದರೆ ಮರುದಿನ ಬೆಳಗ್ಗೆ ಜಗಲಿಯ ಮೇಲೆ ನಡೆದ ಮಾತು ಮನೆಯ ಹಿರಿಯರಿಗೆ ಚುಚ್ಚಿತು. “ಅಪ್ಪಯ್ಯ, ಇನ್ನು ಸಾಕು. ಬ್ಯಾಟರಿ ಹೊಸದು, ಪ್ಲಗ್ಗು ಹೊಸದು, ಪೆಟ್ರೋಲ್ ಪಂಪೂ ಹೊಸದು. ಆದರೂ ಬೆಳಗ್ಗೆ ಹೊರಡುವುದಿಲ್ಲ, ಹೊರಟರೆ ಘಟ್ಟದಲ್ಲಿ ನಿಲ್ಲುತ್ತದೆ. ಗುಜರಿಗೆ ಕೊಟ್ಟುಬಿಡೋಣ.”

ಈ ದೃಶ್ಯ ಯಾವುದೋ ಒಂದೇ ಮನೆಯದಲ್ಲ. ಹಳೆಯ ಕಾರನ್ನು ಸಾಕಿಕೊಂಡಿರುವ ಮನೆಗಳಲ್ಲೆಲ್ಲ ಸ್ವಲ್ಪ ಹೆಚ್ಚುಕಡಿಮೆಯಾಗಿ ನಡೆಯುವಂಥದು. ಶೋಕಿಗಾಗಿ ಹಳೆಯ ಕಾರನ್ನು ಇಟ್ಟುಕೊಂಡವರ ಮಾತು ಬೇರೆ. ಅದನ್ನೇ ನೆಚ್ಚಿಕೊಂಡ ಸಂಸಾರಕ್ಕೆ ‘ಹೊರಡುವುದೋ ಇಲ್ಲವೋ’ ಎಂಬ ಪ್ರಶ್ನೆ ಒಮ್ಮೊಮ್ಮೆ ಜೀವದ ಪ್ರಶ್ನೆಯೇ ಆಗುತ್ತದೆ. ಆಗ ಗುಜರಿಗೆ ಹೋಗುವ ಕಾರುಗಳಲ್ಲಿ ಎಷ್ಟೋ ಕಾರುಗಳ ರೋಗ ಅಲ್ಪದ್ದು. ಅಲ್ಪವಲ್ಲದುದು ಅದನ್ನು ಕಂಡುಹಿಡಿಯಲು ಬೇಕಾದ ತಾಳ್ಮೆ.

ನಿದಾನ ಮತ್ತು ನಿಧಾನ

ರೋಗದ ಮೂಲವನ್ನು ಅರಿಯುವುದಕ್ಕೆ ಆಯುರ್ವೇದದಲ್ಲಿ ‘ನಿದಾನ’ ಎಂದು ಹೆಸರು. ಒಂದು ಮಹಾಪ್ರಾಣ ಸೇರಿದರೆ ಅದೇ ‘ನಿಧಾನ’ವಾಗುತ್ತದೆ. ಮೋಟಾರಿನ ವಿಷಯದಲ್ಲಿ ಈ ಎರಡು ಮಾತುಗಳನ್ನು ಅಗಲಿಸಲಾಗದು. ನಿಧಾನವಿಲ್ಲದವನಿಗೆ ನಿದಾನ ಒಲಿಯುವುದಿಲ್ಲ. ವೈದ್ಯನು ರೋಗಿಯನ್ನು ಪರೀಕ್ಷಿಸುವ ಕ್ರಮವನ್ನು ದರ್ಶನ, ಸ್ಪರ್ಶನ, ಪ್ರಶ್ನ ಎಂದು ನಮ್ಮ ಹಿಂದಿನವರು ಮೂರು ಬಗೆಯಾಗಿ ಹೇಳಿದ್ದಾರೆ. ಒಳ್ಳೆಯ ಮೆಕ್ಯಾನಿಕ್ಕು ಈ ಶ್ಲೋಕವನ್ನು ಓದಿರಲಾರ. ಆದರೆ ನಡೆಯುವುದು ಅದೇ ಹಾದಿಯಲ್ಲಿ. ಕೆಟ್ಟ ಮೆಕ್ಯಾನಿಕ್ಕು ಮೊದಲು ಸ್ಪ್ಯಾನರು ಹಿಡಿಯುತ್ತಾನೆ, ಆಮೇಲೆ ಯೋಚಿಸುತ್ತಾನೆ.

ಪರೀಕ್ಷೆಗೆ ಒಳಗಾಗುವ ದೇಹವಾದರೂ ಎಂಥದು? ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್, ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ತದ್ರೂಪು. ಬಹುಕಾಲ ಅದರ ಹೃದಯವಾಗಿದ್ದ 1489 ಸಿ.ಸಿ.ಯ ಪೆಟ್ರೋಲ್ ಎಂಜಿನ್ನು, ಎಂ.ಜಿ.ಎ. ಎಂಬ ಹೆಸರಾಂತ ಕ್ರೀಡಾಕಾರಿನ ಎಂಜಿನ್ನಿನ ವಂಶಕ್ಕೇ ಸೇರಿದ್ದು. ಅದರ ಓರಗೆಯದು ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್. 1970ರ ದಶಕದಲ್ಲಿ ‘ಪದ್ಮಿನಿ’ ಎಂಬ ಹೆಸರನ್ನು ಧರಿಸಿದ್ದು. ಇವುಗಳಲ್ಲಿ ಕಂಪ್ಯೂಟರಿಲ್ಲ. ರೋಗವನ್ನು ಹೇಳುವ ಕೆಂಪು ದೀಪವೂ ಇಲ್ಲ. ಆದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ, ಕಿವಿಗೆ ಕೇಳಿಸುತ್ತದೆ.

ಇಂಥ ಎಂಜಿನ್ನಿಗೆ ಬೇಕಾದುವು ನಾಲ್ಕೇ: ಸಾಕಷ್ಟು ವೇಗದಿಂದ ತಿರುಗಿಸುವ ಶಕ್ತಿ, ಸರಿಯಾದ ಹೊತ್ತಿಗೆ ಕಿಡಿ, ಹದವಾಗಿ ಬೆರೆತ ಗಾಳಿ ಮತ್ತು ಪೆಟ್ರೋಲು, ಆ ಮಿಶ್ರಣವನ್ನು ಅದುಮಿ ಹಿಡಿಯುವ ಬಿಗಿ. ಯಾವುದು ಇಲ್ಲವೆಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ನರಳಾಟದ ಭಾಷೆ

ಹಿಂದೆ ಎಂಜಿನ್ನನ್ನು ಹ್ಯಾಂಡಲ್ ಹೊಡೆದು ತಿರುಗಿಸುತ್ತಿದ್ದರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬಾತ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಆ ಶ್ರಮ ತಪ್ಪಿತು. ನಮ್ಮವರು ಅದನ್ನು ‘ಸೆಲ್ಫ್’ ಎಂದು ಕರೆದರು. ಕೀಲಿ ತಿರುಗಿಸಿದಾಗ ಈ ಸೆಲ್ಫ್ ಮಾಡುವ ಸದ್ದೇ ರೋಗಿಯ ಮೊದಲ ಮಾತು.

ಹೆಡ್‌ಲೈಟು ಹಾಕಿಕೊಂಡು ಕೀಲಿ ತಿರುಗಿಸಿ ನೋಡಬೇಕು. ದೀಪ ಮಂಕಾಗಿ ಆರುವಂತಾದರೆ ಬ್ಯಾಟರಿ ಸೋತಿದೆ, ಇಲ್ಲವೇ ಅದರ ಟರ್ಮಿನಲ್ಲು ಸಡಿಲವಾಗಿ ಪಾಚಿಗಟ್ಟಿದೆ. ದೀಪ ಪ್ರಕಾಶಮಾನವಾಗಿಯೇ ಉಳಿದು ಸೆಲ್ಫ್ ಮಾತ್ರ ಮೂಕವಾಗಿದ್ದರೆ ಅದಕ್ಕೆ ವಿದ್ಯುತ್ತು ತಲುಪುತ್ತಿಲ್ಲ. ಒಮ್ಮೆ ‘ಟಕ್’ ಎಂದು ಹೊಡೆದು, ದೀಪ ಕುಗ್ಗಿ, ಎಂಜಿನ್ನು ಅಲುಗದಿದ್ದರೆ ಸೆಲ್ಫಿನ ಹಲ್ಲು ಫ್ಲೈವೀಲಿನ ಹಲ್ಲಿಗೆ ಕಚ್ಚಿಕೊಂಡಿರುವ ಸಂಭವವುಂಟು. ಕೀಲಿಯನ್ನು ಆರಿಸಿ, ಟಾಪ್ ಗೇರಿಗೆ ಹಾಕಿ, ಕಾರನ್ನು ಹಿಂದೆ ಮುಂದೆ ತೂಗಿದರೆ ಅದು ಬಿಡಿಸಿಕೊಳ್ಳುತ್ತದೆ.

ಮೀಟರು ಇದ್ದವರಿಗೆ ಲೆಕ್ಕ ಇನ್ನೂ ಸುಲಭ. ವಿಶ್ರಾಂತಿಯಲ್ಲಿರುವ 12 ವೋಲ್ಟಿನ ಬ್ಯಾಟರಿ ತುಂಬಿದ್ದರೆ ಸುಮಾರು 12.6 ವೋಲ್ಟು ತೋರಿಸಬೇಕು. 12ಕ್ಕೆ ಇಳಿದರೆ ಅದು ಬಹುಮಟ್ಟಿಗೆ ಬರಿದಾಗಿದೆ. ಸೆಲ್ಫ್ ತಿರುಗುವಾಗ 9.6ರ ಕೆಳಗೆ ಕುಸಿಯಬಾರದು. ಕುಸಿದರೆ ಎರಡು ಬಗೆಯ ನಷ್ಟ: ಎಂಜಿನ್ನು ನಿಧಾನವಾಗಿ ತಿರುಗುತ್ತದೆ, ಜೊತೆಗೆ ಇರುವ ಅಲ್ಪ ವಿದ್ಯುತ್ತನ್ನು ಸೆಲ್ಫೇ ಕುಡಿದು ಕಿಡಿಯ ಪಾಲನ್ನು ಕಸಿಯುತ್ತದೆ. ಕಿಡಿಯ ದೋಷವೆಂದು ಕಾಣುವುದು ಎಷ್ಟೋ ಸಲ ಬ್ಯಾಟರಿಯ ದೋಷ.

ಬ್ಯಾಟರಿ ಹೊಸದಾಗಿದ್ದೂ ಸೆಲ್ಫ್ ನರಳಿದರೆ? ಆಗ ಜನ ಮರೆಯುವ ಒಂದು ಪಟ್ಟಿಯ ಕಡೆಗೆ ನೋಡಬೇಕು. ಎಂಜಿನ್ನು ರಬ್ಬರಿನ ಮೇಲೆ ಕುಳಿತಿರುತ್ತದೆ. ವಿದ್ಯುತ್ತು ಹಿಂದಿರುಗಲು ಎಂಜಿನ್ನಿಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಒಂದು ಅರ್ಥ್ ಪಟ್ಟಿ ಇರುತ್ತದೆ. ಅದು ತುಕ್ಕು ಹಿಡಿದರೆ ವಿದ್ಯುತ್ತು ಬೇರೆ ದಾರಿ ಹುಡುಕುತ್ತದೆ, ಚೋಕಿನ ತಂತಿಯ ಮೂಲಕವೂ ಹರಿಯುತ್ತದೆ. ಎರಡು ಮೂರು ಸಲ ಸೆಲ್ಫ್ ಹೊಡೆದ ಮೇಲೆ ಚೋಕಿನ ತಂತಿಯನ್ನು ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಕಳ್ಳ ಸಿಕ್ಕಂತೆ. ಸ್ಪರ್ಶನವೆಂದರೆ ಇದೇ.

ಕಿಡಿಯ ಬಣ್ಣ

ಎಂಜಿನ್ನು ಚುರುಕಾಗಿ ತಿರುಗಿದರೂ ಹೊತ್ತಿಕೊಳ್ಳದಿದ್ದರೆ ಮುಂದಿನ ಪ್ರಶ್ನೆ: ಕಿಡಿ ಇದೆಯೆ? ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟು ಎಂಬ ಪುಟ್ಟ ಬಾಗಿಲು ತೆರೆದು ಮುಚ್ಚುತ್ತಿರುತ್ತದೆ. ಅದು ತೆರೆದ ಕ್ಷಣದಲ್ಲಿ ಕಾಯಿಲಿನಲ್ಲಿ 12 ವೋಲ್ಟು ಸಾವಿರಾರು ವೋಲ್ಟಾಗಿ ಚಿಮ್ಮಿ ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ಕಾಯಿಲಿನಿಂದ ಬರುವ ನಡುವಿನ ತಂತಿಯನ್ನು ಡಿಸ್ಟ್ರಿಬ್ಯೂಟರಿನಿಂದ ಕಳಚಿ, ಒಣಗಿದ ಮರದ ಚಿಮುಟದಲ್ಲಿ ಹಿಡಿದು, ಎಂಜಿನ್ನಿನ ಲೋಹಕ್ಕೆ ಐದಾರು ಮಿಲಿಮೀಟರು ದೂರದಲ್ಲಿಟ್ಟು ಸೆಲ್ಫ್ ಹೊಡೆಸಬೇಕು. ‘ಚಟ್ ಚಟ್’ ಎಂದು ನೀಲಿ ಕಿಡಿ ಹಾರಿದರೆ ಆರೋಗ್ಯ. ಸಣಕಲಾಗಿ ಹಳದಿಗೆ ತಿರುಗಿದ್ದರೆ ದೌರ್ಬಲ್ಯ. ಸುತ್ತಮುತ್ತ ಪೆಟ್ರೋಲು ಸೋರಿಲ್ಲವೆಂದು ಮೊದಲೇ ನೋಡಿಕೊಂಡಿರಬೇಕು. ಕಿಡಿಯ ಪರೀಕ್ಷೆ, ಪೆಟ್ರೋಲಿನ ಪರೀಕ್ಷೆ ಎರಡನ್ನೂ ಒಟ್ಟಿಗೆ ಮಾಡಹೋಗಿ ಬಾನೆಟ್ಟಿಗೆ ಬೆಂಕಿ ಹಚ್ಚಿಕೊಂಡವರುಂಟು.

ಅಂಬಾಸಿಡರಿನ ಪಾಯಿಂಟು ಪೂರ್ತಿ ತೆರೆದಾಗ ಇರಬೇಕಾದ ಸಂದು ಒಂದಿಂಚಿನ ಸಾವಿರ ಪಾಲಿನಲ್ಲಿ 14ರಿಂದ 16, ಅಂದರೆ 0.35ರಿಂದ 0.40 ಮಿಲಿಮೀಟರು. ಪ್ಲಗ್ಗಿನ ಸಂದು ಸುಮಾರು 0.6 ಮಿಲಿಮೀಟರು. ಪಾಯಿಂಟಿನ ಮುಖ ಬೇಗಬೇಗನೆ ಕರಿದು ಗುಳಿ ಬೀಳುತ್ತಿದ್ದರೆ ದೋಷ ಹೆಚ್ಚಾಗಿ ಅದರದಲ್ಲ, ಪಕ್ಕದಲ್ಲಿರುವ ಕಂಡೆನ್ಸರಿನದು. ಪ್ಲಗ್ಗಿನ ತಂತಿಗಳನ್ನು ಕಳಚುವ ಮುನ್ನ ಗುರುತು ಹಾಕಿಕೊಳ್ಳಬೇಕು. ಈ ಎಂಜಿನ್ನಿನಲ್ಲಿ ಸಿಲಿಂಡರುಗಳು ಹೊತ್ತುವ ಸರದಿ 1, 3, 4, 2. ಎರಡು ತಂತಿ ಅದಲುಬದಲಾದರೆ ಇಲ್ಲದ ರೋಗವನ್ನು ತಾನೇ ತಂದುಕೊಂಡಂತಾಗುತ್ತದೆ.

ಮಲೆನಾಡಿಗೂ ಕರಾವಳಿಗೂ ವಿಶೇಷವಾದ ರೋಗವೊಂದಿದೆ: ತೇವ. ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಹನಿಗಟ್ಟಿದ ನೀರು, ಕೂದಲೆಳೆಯಷ್ಟು ಸೀಳು, ಹಳತಾದ ತಂತಿಯ ಬಿರುಕು, ಇವುಗಳ ಮೂಲಕ ಕಿಡಿ ಪ್ಲಗ್ಗಿಗೆ ಹೋಗದೆ ಹಾದಿಯಲ್ಲೇ ಸೋರಿಹೋಗುತ್ತದೆ. ಕತ್ತಲಲ್ಲಿ ಬಾನೆಟ್ಟು ಎತ್ತಿ, ಎಂಜಿನ್ನು ತಿರುಗುವಾಗ ನೋಡಿದರೆ ತಂತಿಗಳ ಮೇಲೆ ನೀಲಿ ಎಳೆಗಳು ಹರಿದಾಡುವುದು ಕಾಣುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ತತ್ಕಾಲಕ್ಕೆ ಪರಿಹಾರ. ಮುಚ್ಚಳವನ್ನೂ ತಂತಿಯನ್ನೂ ಬದಲಾಯಿಸಿದರೆ ಶಾಶ್ವತ.

ಇನ್ನು ಪ್ಲಗ್ಗು. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆನಿಂತ ಮೈಕೋ ಕಾರ್ಖಾನೆಯ ದೆಸೆಯಿಂದ ಈ ಪುಟ್ಟ ವಸ್ತು ಕನ್ನಡಿಗರಿಗೆ ಮನೆಮಾತಾಯಿತು. ಪ್ಲಗ್ಗು ಎಂಜಿನ್ನಿನ ನಾಲಗೆ. ವೈದ್ಯನು ನಾಲಗೆ ನೋಡುವಂತೆ ಅದನ್ನು ತೆಗೆದು ನೋಡಬೇಕು. ತುದಿ ತಿಳಿಯಾದ ಕಂದುಬಣ್ಣವಿದ್ದರೆ ಸೌಖ್ಯ. ಒಣಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಬೂದಿಯಂತೆ ಬೆಳ್ಳಗಾಗಿದ್ದರೆ ಕಡಿಮೆಯಾಗಿದೆ. ಪೆಟ್ರೋಲಿನಲ್ಲಿ ನೆನೆದಿದ್ದರೆ ಅನ್ನವಿದೆ, ಬೆಂಕಿಯಿಲ್ಲ. ಎಣ್ಣೆ ಜಿಗುಟಾಗಿದ್ದರೆ ಎಂಜಿನ್ನಿನ ಒಳಗೇ ಸವೆತವಿದೆ.

ಅನ್ನ ಮತ್ತು ಗಾಳಿ

ಕಿಡಿ ಚೆನ್ನಾಗಿದ್ದರೆ ಪೆಟ್ರೋಲಿನ ಸರದಿ. ಕಾಯಿಲಿನ ತಂತಿಯನ್ನು ಕಳಚಿಟ್ಟು, ಕಾರ್ಬ್ಯುರೇಟರಿಗೆ ಬರುವ ಕೊಳವೆಯನ್ನು ಬಿಡಿಸಿ ಬಾಟಲಿಯೊಳಗೆ ಇಳಿಬಿಟ್ಟು ಎಂಜಿನ್ನನ್ನು ತಿರುಗಿಸಿದರೆ ಪಂಪು ಪೆಟ್ರೋಲನ್ನು ಚಿಮ್ಮಿ ಚಿಮ್ಮಿ ಸುರಿಯಬೇಕು. ವಾರಗಟ್ಟಲೆ ನಿಂತ ಕಾರಿನಲ್ಲಿ ಕಾರ್ಬ್ಯುರೇಟರಿನ ಬಟ್ಟಲು ಆವಿಯಾಗಿ ಒಣಗಿರುತ್ತದೆ. ಅಂಥದಕ್ಕೆ ಮೊದಲು ಸ್ವಲ್ಪ ಹೆಚ್ಚು ಹೊತ್ತು ಸೆಲ್ಫ್ ಹೊಡೆಯಬೇಕಾಗುವುದು ರೋಗವಲ್ಲ.

ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗದು, ಆದುದರಿಂದ ಹೆಚ್ಚು ಪೆಟ್ರೋಲು ಬೇಕು. ಚೋಕ್ ಇರುವುದು ಅದಕ್ಕೆ. ಗುಂಡಿ ಎಳೆದರೆ ಸಾಲದು. ಬಾನೆಟ್ಟಿನೊಳಗೆ ತಂತಿಯ ಇನ್ನೊಂದು ತುದಿಯೂ ಚಲಿಸುತ್ತಿದೆಯೇ ಎಂದು ಒಬ್ಬರು ನಿಂತು ನೋಡಬೇಕು. ಹಲವು ಅಂಬಾಸಿಡರುಗಳಲ್ಲಿರುವುದು ಎಸ್.ಯು. ಕಾರ್ಬ್ಯುರೇಟರು. ಪಾದರಕ್ಷೆಯ ವ್ಯಾಪಾರದ ಮನೆತನದಲ್ಲಿ ಹುಟ್ಟಿದ ಸ್ಕಿನ್ನರ್ ಎಂಬ ಇಂಗ್ಲಿಷ್ ಸಹೋದರರು 1910ರಲ್ಲಿ ಕಟ್ಟಿದ ಸಂಸ್ಥೆಯದು. ಮೊದಮೊದಲು ಅದರೊಳಗೆ ಪಿಸ್ಟನ್ನಿಗೆ ಬದಲು ಚರ್ಮದ ತಿದಿಯೇ ಇತ್ತು. ಈ ಕಾರ್ಬ್ಯುರೇಟರಿನಲ್ಲಿ ಪೆಡಲು ಒತ್ತಿದಾಗ ಪೆಟ್ರೋಲು ಚಿಮ್ಮಿಸುವ ಪುಟ್ಟ ಪಂಪು ಇಲ್ಲ. ಆದ್ದರಿಂದ ಹೊರಡದ ಕಾರಿನಲ್ಲಿ ಕುಳಿತು ಪೆಡಲನ್ನು ತುಳಿಯುವುದು ವ್ಯರ್ಥ ವ್ಯಾಯಾಮ. ಅಂಥ ಪಂಪು ಇರುವ ಬೇರೆ ಕಾರ್ಬ್ಯುರೇಟರುಗಳಲ್ಲಿ ಅದೇ ತುಳಿತ ಅತಿಯಾದರೆ ಎಂಜಿನ್ನು ಪೆಟ್ರೋಲಿನಲ್ಲಿ ಮುಳುಗುತ್ತದೆ. ವಾಸನೆ ಗಪ್ಪೆಂದು ಬಂದಾಗ ಚೋಕನ್ನು ಒಳತಳ್ಳಿ, ಪೆಡಲನ್ನು ಪೂರ್ತಿ ಒತ್ತಿ ಹಿಡಿದು, ಅಲುಗಿಸದೆ ಸೆಲ್ಫ್ ಹೊಡೆದರೆ ಹೆಚ್ಚಿನ ಪೆಟ್ರೋಲು ಹೊರಟುಹೋಗುತ್ತದೆ.

ರಸ್ತೆಯಲ್ಲಿ ಸರಾಗವಾಗಿ ಓಡಿ, ಸಿಗ್ನಲ್ಲಿನ ಹತ್ತಿರ ಕಾಲು ತೆಗೆದ ಕೂಡಲೇ ಆರಿಹೋಗುವ ಕಾರಿನ ರೋಗ ಬೇರೆ. ಅಲ್ಲಿ ಪ್ಲಗ್ಗು, ಪಂಪುಗಳನ್ನು ದೂರುವುದು ಸಲ್ಲದು. ಪ್ರತ್ಯೇಕ ಐಡ್ಲಿಂಗ್ ಜೆಟ್ ಇರುವ ಕಾರ್ಬ್ಯುರೇಟರಾದರೆ ಅದರ ಕಿರುರಂಧ್ರ ಕಟ್ಟಿಕೊಂಡಿರಬಹುದು. ಇಲ್ಲವೇ ಕರೆಯದೆ ಬಂದ ಗಾಳಿ ಎಲ್ಲಿಂದಲೋ ನುಗ್ಗುತ್ತಿರಬಹುದು: ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟು, ಸೀಳಿದ ರಬ್ಬರು ಕೊಳವೆ, ಸವೆದ ಥ್ರಾಟಲ್ ಕಡ್ಡಿ. ಹೆಚ್ಚು ಪೆಟ್ರೋಲು ಹರಿಯುವಾಗ ಈ ಗಾಳಿ ಲೆಕ್ಕಕ್ಕಿಲ್ಲ. ಅಲ್ಪಾಹಾರದ ಸಮಯದಲ್ಲಿ ಅದೇ ಮಾರಕ. ಎಂಜಿನ್ನು ನಡೆಯುತ್ತಿರುವಾಗ ಕೀಲುಗಳಿಗೆ ಸಾಬೂನು ನೀರನ್ನು ಕುಂಚದಿಂದ ಸವರಬೇಕು. ಎಲ್ಲಿ ಸವರಿದಾಗ ಎಂಜಿನ್ನಿನ ಸದ್ದು ಬದಲಾಗುವುದೋ ಅಲ್ಲಿ ಸೋರಿಕೆ. ಕೆಲವರು ಇದಕ್ಕೆ ಪೆಟ್ರೋಲನ್ನೇ ಬಳಸುತ್ತಾರೆ. ಅದು ಪರೀಕ್ಷೆಯಲ್ಲ, ಆತ್ಮಹತ್ಯೆ. ಎಂಜಿನ್ನು ನಡೆಸಿ ಮಾಡುವ ಯಾವ ಪರೀಕ್ಷೆಯನ್ನೂ ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಮಾಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕರುಣೆಯಿಲ್ಲ.

ಈಚಿನ ವರ್ಷಗಳಲ್ಲಿ ಹೊಸ ಕಾರಣವೊಂದು ಸೇರಿದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥೆನಾಲಿನ ಪಾಲು ಶೇಕಡಾ 20ಕ್ಕೆ ಏರಿತು. ಎಥೆನಾಲಿಗೆ ನೀರನ್ನು ಹೀರುವ ಗುಣವುಂಟು. ಹಳೆಯ ರಬ್ಬರು ಕೊಳವೆ, ಪಂಪಿನ ಪೊರೆಗಳನ್ನು ಅದು ಮೆದುಗೊಳಿಸುತ್ತದೆ. ಟ್ಯಾಂಕಿನಲ್ಲಿ ಅಂಟಿದ್ದ ಹಳೆಯ ಕಿಲುಬನ್ನು ಸಡಿಲಿಸಿ ಜೆಟ್ಟಿಗೆ ತರುತ್ತದೆ. ತನ್ನೊಳಗೇ ಆಮ್ಲಜನಕವನ್ನು ಹೊತ್ತಿರುವುದರಿಂದ ಮಿಶ್ರಣವನ್ನು ತೆಳುಮಾಡುತ್ತದೆ. ಕೊಳವೆಗಳನ್ನು ಈ ಇಂಧನವನ್ನು ತಾಳಬಲ್ಲವಾಗಿ ಬದಲಾಯಿಸಿ, ಫಿಲ್ಟರು ಹಾಕಿ, ಮಿಶ್ರಣವನ್ನು ತುಸು ಹೆಚ್ಚಿಸಿಕೊಂಡರೆ ಹಳೆಯ ಕಾರು ಇದಕ್ಕೂ ಒಗ್ಗಿಕೊಳ್ಳುತ್ತದೆ.

ಅರ್ಧ ಗಂಟೆಯ ರಹಸ್ಯ

ಎಲ್ಲಕ್ಕಿಂತ ಹೆಚ್ಚು ಕಾಡುವ ರೋಗ, ಅರ್ಧ ಗಂಟೆ ಚೆನ್ನಾಗಿ ಓಡಿ ನಿಂತುಬಿಡುವುದು. ಇನ್ನರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಹೊರಡುವುದು. ಇದಕ್ಕೆ ಮುಖ್ಯವಾಗಿ ಮೂವರು ಸಂಶಯಿತರು. ಕಾಯಿಲೋ ಕಂಡೆನ್ಸರೋ ಬಿಸಿಯಾಗಿ ಸೋಲುವುದು ಒಂದು. ಕೊಳವೆಯಲ್ಲೇ ಪೆಟ್ರೋಲು ಕುದಿದು ಆವಿ ಕಟ್ಟಿಕೊಳ್ಳುವುದು ಎರಡು. ಬೇಸಗೆಯಲ್ಲಿ ಘಟ್ಟ ಏರುವಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಪ್ರಯಾಣ ಮುಂದುವರಿಸಿದವರಿಗೆ ಇದು ಗೊತ್ತು. ಮೂರನೆಯದು ಟ್ಯಾಂಕಿನ ಮುಚ್ಚಳ. ಪೆಟ್ರೋಲು ಖಾಲಿಯಾದಷ್ಟು ಗಾಳಿ ಟ್ಯಾಂಕಿನೊಳಗೆ ಬರಬೇಕು. ಹಳೆಯ ಕಾರುಗಳಲ್ಲಿ ಅದಕ್ಕೆ ಸಾಮಾನ್ಯವಾಗಿ ಮುಚ್ಚಳದಲ್ಲೇ ಸೂಜಿಮೊನೆಯಷ್ಟು ರಂಧ್ರವಿರುತ್ತದೆ. ಅದು ಮುಚ್ಚಿದರೆ ಒಳಗೆ ನಿರ್ವಾತವುಂಟಾಗಿ ಪಂಪು ಎಷ್ಟು ಎಳೆದರೂ ಪೆಟ್ರೋಲು ಬಾರದು.

ಮೂವರಲ್ಲಿ ಅಪರಾಧಿ ಯಾರೆಂದು ತಿಳಿಯಲು ಒಂದೇ ಅವಕಾಶ: ಕಾರು ನಿಂತ ಆ ಕ್ಷಣ. ಕೂಡಲೇ ಟ್ಯಾಂಕಿನ ಮುಚ್ಚಳ ತಿರುಗಿಸಬೇಕು. ‘ಸುಯ್’ ಎಂದು ಗಾಳಿ ಒಳನುಗ್ಗಿ, ಕಾರು ಮತ್ತೆ ಹೊರಟರೆ ಅಪರಾಧಿ ಮುಚ್ಚಳ. ಸದ್ದಿಲ್ಲದಿದ್ದರೆ ಕಿಡಿ ನೋಡಬೇಕು; ಕಿಡಿ ಇಲ್ಲವಾದರೆ ಕಾಯಿಲು ಅಥವಾ ಕಂಡೆನ್ಸರು. ಕಿಡಿ ಇದ್ದು ಕಾರ್ಬ್ಯುರೇಟರಿನ ಬಟ್ಟಲು ಬರಿದಾಗಿದ್ದರೆ ಆವಿಯ ಕಡೆಗೆ ಸಂಶಯ ತಿರುಗುತ್ತದೆ. ಕಾರನ್ನು ತಣಿಯಲು ಬಿಟ್ಟು ಗ್ಯಾರೇಜಿಗೆ ಒಯ್ದರೆ ಸಾಕ್ಷ್ಯವೆಲ್ಲ ಅಳಿಸಿಹೋಗಿರುತ್ತದೆ; ಆಮೇಲೆ ನಡೆಯುವುದು ಊಹೆಯ ಬೇಟೆ.

ಇವೆಲ್ಲವೂ ಸರಿಯಿದ್ದರೆ ಮಾತ್ರ ಎಂಜಿನ್ನಿನ ಬಿಗಿಯನ್ನು ಅಳೆಯಬೇಕು. ಕಿಡಿಯ ತಂತಿ ಕಳಚಿ, ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿದರೆ ನಾಲ್ಕು ಸಿಲಿಂಡರುಗಳೂ ಕೈಗೆ ಸಮನಾದ ತಡೆ ಕೊಡಬೇಕು. ಹ್ಯಾಂಡಲು ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ. ಹಿಂದಕ್ಕೆ ಒದ್ದರೆ ಮಣಿಕಟ್ಟು ಉಳಿಯುತ್ತದೆ. ಯಾವುದಾದರೂ ಸಿಲಿಂಡರು ಸಡಿಲವೆನಿಸಿದರೆ ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲು ಹಾಕಿ ಪುನಃ ನೋಡಬೇಕು. ಬಿಗಿ ಹೆಚ್ಚಿದರೆ ರಿಂಗು ಸವೆದಿದೆ; ಹೆಚ್ಚದಿದ್ದರೆ ವಾಲ್ವು ಸರಿಯಾಗಿ ಕೂರುತ್ತಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೆ ಸಡಿಲವಾಗಿದ್ದರೆ ನಡುವೆ ಹೆಡ್ ಗ್ಯಾಸ್ಕೆಟ್ಟು ಹೋಗಿರಬಹುದು. ದೊಡ್ಡ ಖರ್ಚಿನ ಬಾಗಿಲು ಇದು, ಕೊನೆಗೆ ತಟ್ಟಬೇಕಾದದ್ದು.

ಮೇಸ್ತ್ರಿಯ ಪ್ರಶ್ನೆ

ಮಲೆನಾಡಿನ ಆ ಮನೆಗೆ, ಗುಜರಿಯವನು ಬರುವ ಮುನ್ನ, ಪೇಟೆಯಿಂದ ಮುದಿ ಮೇಸ್ತ್ರಿಯೊಬ್ಬ ಬಂದ ಎಂದುಕೊಳ್ಳಬೇಕು. ಆತ ಚೀಲ ಬಿಚ್ಚಲಿಲ್ಲ. ಜಗಲಿಯ ಮೇಲೆ ಕುಳಿತು ಕೇಳಿದ: “ಯಜಮಾನರೇ, ಘಟ್ಟದಲ್ಲಿ ನಿಲ್ಲುವುದು ಯಾವಾಗಿನಿಂದ?”

“ಯುಗಾದಿ ಆದಮೇಲೆ.”

“ಅದಕ್ಕೆ ಮುಂಚೆ ಏನಾದರೂ ಬದಲಾಯಿಸಿದ್ದಿರಾ?”

“ಏನೂ ಇಲ್ಲ. ರಿಪೇರಿಯೆಲ್ಲ ಆಮೇಲೆ.” ಹಿರಿಯರು ತುಸು ಯೋಚಿಸಿದರು. “ಟ್ಯಾಂಕಿನ ಮುಚ್ಚಳ ಕಳೆದಿತ್ತು. ಬೀಗದ ಮುಚ್ಚಳ ಒಂದನ್ನು ತಂದು ಹಾಕಿದೆವು. ಅದು ಲೆಕ್ಕಕ್ಕೆ ಬರುತ್ತದೆಯೇ?”

ಮೇಸ್ತ್ರಿ ನಕ್ಕ. ಬೇರೆ ಯಾವುದೋ ಗಾಡಿಗೆಂದು ಮಾಡಿದ ಆ ಮುಚ್ಚಳದಲ್ಲಿ ರಂಧ್ರವೇ ಇರಲಿಲ್ಲ. ಆಮೇಲೆ ಸೆಲ್ಫ್ ಹೊಡೆಸಿ ಚೋಕಿನ ತಂತಿ ಮುಟ್ಟಿದ. ಕೈ ಚುರ್ ಎಂದಿತು. ಅರ್ಥ್ ಪಟ್ಟಿಯ ಬೋಲ್ಟನ್ನು ಬಿಚ್ಚಿ, ತುಕ್ಕನ್ನು ಕೆರೆದು, ಹೊಸ ಪಟ್ಟಿ ಹಾಕಿ ಬಿಗಿದ. ರೋಗ ಒಂದಲ್ಲ, ಎರಡು; ಎರಡನ್ನೂ ಒಂದೆಂದು ತಿಳಿದದ್ದೇ ಮೂಲ ತಪ್ಪು. ಬ್ಯಾಟರಿ, ಪ್ಲಗ್ಗು, ಪಂಪುಗಳಿಗೆ ಸುರಿದ ಹಣ ಪ್ರಶ್ನೆ ಕೇಳದುದಕ್ಕೆ ತೆತ್ತ ದಂಡ.

ಹೀಗೆ ಕೇಳಬಲ್ಲ ಮೇಸ್ತ್ರಿಗಳು ವಿರಳವಾಗುತ್ತಿದ್ದಾರೆ. ಅವರ ವಿದ್ಯೆ ಪುಸ್ತಕದಲ್ಲಿರಲಿಲ್ಲ, ಬೆರಳತುದಿಯಲ್ಲಿತ್ತು. ಆದುದರಿಂದ ಹಳೆಯ ಕಾರಿರುವ ಮನೆಯವರು ಮೂರು ಅಭ್ಯಾಸಗಳನ್ನು ಬೆಳೆಸಿಕೊಳ್ಳುವುದು ಲೇಸು. ಒಂದು ಸಲಕ್ಕೆ ಒಂದೇ ವಸ್ತುವನ್ನು ಬದಲಾಯಿಸಿ ನೋಡುವುದು. ತೆಗೆದ ಹಳೆಯ ವಸ್ತುವನ್ನು ಎಸೆಯದೆ ಇಟ್ಟುಕೊಳ್ಳುವುದು. ಕಾರಿನ ಡ್ಯಾಷ್‌ಬೋರ್ಡಿನಲ್ಲಿ ಒಂದು ನೋಟುಪುಸ್ತಕವಿಟ್ಟು, ಯಾವ ದಿನ, ಎಂಥ ಹವೆಯಲ್ಲಿ, ಎಷ್ಟು ದೂರ ಓಡಿದ ಮೇಲೆ ನಿಂತಿತು, ಆಗ ಏನು ಮಾಡಿದಾಗ ಹೊರಟಿತು ಎಂದು ಬರೆದಿಡುವುದು. ನಾಲ್ಕು ಪುಟ ತುಂಬುವಷ್ಟರಲ್ಲಿ ರೋಗ ತನ್ನ ಹೆಸರನ್ನು ತಾನೇ ಹೇಳುತ್ತದೆ.

ಮೇಸ್ತ್ರಿ ಹೋದ ಮಾರನೆಯ ವಾರ ಬಾಣಂತಿಯೂ ಮಗುವೂ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದೇ ಅಂಬಾಸಿಡರಿನಲ್ಲಿ. ಘಟ್ಟದ ಕೊನೆಯ ತಿರುವಿನಲ್ಲಿ ಹಿರಿಯರು ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದರು. ಕಾರು ನಿಲ್ಲಲಿಲ್ಲ.